ಕೈ ಕಚ್ಚಿಕೊಳ್ಳುವ ಮಗು ಏನು ಕೇಳುತ್ತಿದೆ?

‘ಇದೊಂದನ್ನು ನಿಲ್ಲಿಸಿಕೊಡಿ ಮೇಡಂ, ಸಾಕು.’ ಆಟಿಸಂ ಇರುವ ಮಗುವನ್ನು ಕರೆತರುವ ಅಪ್ಪ-ಅಮ್ಮ ಹೆಚ್ಚಾಗಿ ಮೊದಲು ಹೇಳುವ ಮಾತು ಇದು. ಮಗು ಕೈ ಕಚ್ಚಿಕೊಳ್ಳುತ್ತದೆ, ತಲೆ ಚಚ್ಚಿಕೊಳ್ಳುತ್ತದೆ, ಕಿರುಚುತ್ತದೆ. ಮನೆಯವರು ಸೋತಿರುತ್ತಾರೆ. ನಾನು ಕೇಳುವುದು ಎರಡೇ ಪ್ರಶ್ನೆ. ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು? ಆಮೇಲೆ ಮಗುವಿಗೆ ಏನು ಸಿಕ್ಕಿತು, ಅಥವಾ ಏನು ತಪ್ಪಿತು?

ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ ಎಂಬುದು ವರ್ತನೆಯ ಕಾರಣ ಹುಡುಕಿ ಕಲಿಸುವ ವಿಧಾನ. ಅದರ ಜೀವಾಳ ಈ ಪ್ರಶ್ನೆಗಳಲ್ಲೇ ಇದೆ.

ಮಾತು ಇನ್ನೂ ಬಾರದ ಐದು ವರ್ಷದ ಹುಡುಗ ಅಂದುಕೊಳ್ಳಿ. ಕಾಪಿ ಪುಸ್ತಕ ತೆರೆದ ಕೂಡಲೇ ಕೈ ಕಚ್ಚಿಕೊಳ್ಳುತ್ತಾನೆ. ಅಮ್ಮ ಹೆದರಿ ಪುಸ್ತಕ ಮುಚ್ಚುತ್ತಾರೆ. ಸಂಜೆ ಅಮ್ಮ ಫೋನಿನಲ್ಲಿ ಮಾತಾಡುತ್ತಿರುವಾಗ ಮತ್ತೆ ಕಚ್ಚಿಕೊಳ್ಳುತ್ತಾನೆ. ಅವರು ಫೋನ್ ಇಟ್ಟು ಓಡಿ ಬರುತ್ತಾರೆ. ನೋಡುವವರಿಗೆ ಎರಡೂ ಒಂದೇ ಹಠ. ಆದರೆ ಮೊದಲನೆಯದು ‘ಇದು ನನಗೆ ಕಷ್ಟ’, ಎರಡನೆಯದು ‘ನನ್ನ ಹತ್ತಿರ ಬಾ’. ಬೈದರೆ ಎರಡೂ ಹೋಗುವುದಿಲ್ಲ. ಎರಡನೆಯದಕ್ಕಂತೂ ಬೈಗುಳವೂ ಅಮ್ಮನ ಗಮನವೇ, ಅಲ್ವಾ?

ಹಾಗಾದರೆ ಮಾಡುವುದೇನು? ಮಗುವಿಗೆ ಬೇಕಾದದ್ದನ್ನೇ ಕೇಳಲು ಇನ್ನೊಂದು ದಾರಿ ಕಲಿಸುವುದು. 1985ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್ ಬೆಳವಣಿಗೆಯ ತೊಂದರೆ ಇದ್ದ ನಾಲ್ವರು ಮಕ್ಕಳ ಜೊತೆ ಇದನ್ನು ಮಾಡಿ ತೋರಿಸಿದರು. ಪಾಠ ಕಷ್ಟವಾದಾಗ ರಂಪ ಮಾಡುತ್ತಿದ್ದ ಮಗುವಿಗೆ ‘ನನಗೆ ಅರ್ಥವಾಗಲಿಲ್ಲ’ ಎನ್ನಲು ಕಲಿಸಿದರು. ಗಮನ ಬೇಕಿದ್ದ ಮಗುವಿಗೆ ‘ನಾನು ಸರಿಯಾಗಿ ಮಾಡುತ್ತಿದ್ದೇನಾ?’ ಎಂದು ಕೇಳಲು ಕಲಿಸಿದರು. ರಂಪ ಕಡಿಮೆಯಾಯಿತು. ಕಾರಣಕ್ಕೆ ಹೊಂದದ ಮಾತು ಕಲಿಸಿದಾಗ ಕಡಿಮೆಯಾಗಲಿಲ್ಲ. ಕಾರಣ ಹುಡುಕದೆ ಚಿಕಿತ್ಸೆ ಶುರು ಮಾಡಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ನಮ್ಮ ಹುಡುಗನಿಗೆ ‘ಸಾಕು’ ಎಂಬ ಒಂದು ಚಿತ್ರದ ಕಾರ್ಡ್ ಇಟ್ಟರೆ ಆಯಿತು. ಕಚ್ಚಿಕೊಳ್ಳುವ ಮುಂಚೆಯೇ, ಮುಖ ಸ್ವಲ್ಪ ಬಿಗಿಯಾದಾಗ, ಅವನಿಗೆ ಕಾರ್ಡ್ ತೋರಿಸಿ. ಅವನು ಮುಟ್ಟಿದ ತಕ್ಷಣ ಪುಸ್ತಕ ಮುಚ್ಚಿ. ಶುರುವಿನಲ್ಲಿ ಎಷ್ಟು ಸಲ ಕೇಳಿದರೂ ಮುಚ್ಚಿ. ‘ಹೀಗಾದರೆ ಅವನು ಬರೆಯೋದೇ ಇಲ್ಲ’ ಎಂದು ಮನೆಯಲ್ಲಿ ಆಕ್ಷೇಪ ಬಂದೇ ಬರುತ್ತದೆ. ಕೇಳಿದರೆ ಸಿಗುತ್ತದೆ ಎಂಬ ನಂಬಿಕೆ ಗಟ್ಟಿಯಾದ ಮೇಲೆ ‘ಇನ್ನೊಂದು ಅಕ್ಷರ, ಆಮೇಲೆ ಸಾಕು’ ಎನ್ನಬಹುದು. ಅಕ್ಷರವನ್ನೂ ಸುಲಭ ಮಾಡಬೇಕು. ಅಪ್ಪ, ಅಜ್ಜಿ, ಟೀಚರ್ ಎಲ್ಲರೂ ಆ ಕಾರ್ಡಿಗೆ ಬೆಲೆ ಕೊಡಬೇಕು. ಒಬ್ಬರು ಕೊಟ್ಟು ಇನ್ನೊಬ್ಬರು ಕೊಡದಿದ್ದರೆ ಮಗು ಮತ್ತೆ ಹಲ್ಲನ್ನೇ ನಂಬುತ್ತದೆ.

ಒಂದು ಎಚ್ಚರಿಕೆ. ಕಚ್ಚಿಕೊಳ್ಳುವುದು ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೊದಲು ಡಾಕ್ಟರಿಗೆ ತೋರಿಸಿ. ಹಲ್ಲುನೋವು, ಕಿವಿನೋವು, ಮಲಬದ್ಧತೆಯನ್ನು ಹೇಳಲು ಬಾರದ ಮಗು ಹೀಗೇ ಹೇಳುವುದುಂಟು.

ಎಬಿಎಗೆ ನೋವಿನ ಚರಿತ್ರೆಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಈವಾರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 40 ಗಂಟೆ ಕಲಿತ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೇ ತರಗತಿ ಮುಗಿಸಿದರು ಎಂಬುದು ತುಂಬಾ ಪ್ರಸಿದ್ಧವಾಯಿತು. ಆ ಕಾರ್ಯಕ್ರಮದಲ್ಲಿ ಜೋರಾಗಿ ‘ಬೇಡ’ ಎಂದು ಗದರುವುದು, ತೊಡೆಗೆ ಏಟು ಕೊಡುವುದೂ ಇತ್ತು. ಇಂಥ ತರಬೇತಿಯಲ್ಲಿ ಬೆಳೆದ ಆಟಿಸ್ಟಿಕ್ ವಯಸ್ಕರು ಈಗ ಮಾತಾಡುತ್ತಿದ್ದಾರೆ. ಸದಾ ಬೇರೆಯವರಂತೆ ಕಾಣಬೇಕಾದ ಆಯಾಸವನ್ನು ವಿವರಿಸುತ್ತಿದ್ದಾರೆ. ಅವರ ಮಾತನ್ನು ನಾವು ಕೇಳಲೇಬೇಕು. ಮಗು ಖುಷಿಗೆ ಕೈ ಅಲ್ಲಾಡಿಸಿದರೆ, ಸುಮ್ನೆ ತೂಗಾಡಿದರೆ ಯಾರಿಗೇನು ತೊಂದರೆ? ಅದನ್ನು ನಿಲ್ಲಿಸುವ ಗುರಿಯನ್ನು ನಾನು ಬರೆಯುವುದಿಲ್ಲ.

ಸೆಂಟರ್ ಹುಡುಕುವಾಗ ಕೇಳಿ: ಗುರಿಗಳನ್ನು ಯಾರು ಆರಿಸುತ್ತಾರೆ? ಮಗು ಬೇಡ ಎಂದರೆ ಏನು ಮಾಡುತ್ತೀರಿ? ತರಗತಿಯೊಳಗೆ ನಾವು ಕೂರಬಹುದಾ? ಮೂರನೆಯದಕ್ಕೆ ‘ಇಲ್ಲ’ ಎಂದರೆ ಮಗುವನ್ನು ಅಲ್ಲಿ ಬಿಡಬೇಡಿ.