ಮಗುವಿನ ರಕ್ತ ತೆಗೆದಿರಿಸಿ, ಪರೀಕ್ಷೆ ಆಮೇಲೆ ಆಗಲಿ

ಮೊದಲ ಮಗುವನ್ನು ಕಳೆದುಕೊಂಡ ದಂಪತಿ ನಮ್ಮ ವಿಶ್ವವಿದ್ಯಾಲಯದ ತಳಿವಿಜ್ಞಾನ ಕೇಂದ್ರಕ್ಕೆ ಬರುವ ಹೊತ್ತಿಗೆ ಆಕೆಗೆ ಆಗಲೇ ನಾಲ್ಕು ತಿಂಗಳು ತುಂಬಿರುತ್ತದೆ. ‘ಈ ಮಗುವಿಗೂ ಅದೇ ಕಾಯಿಲೆ ಇದೆಯೇ ನೋಡಿ ಹೇಳಿ ಮೇಡಂ’ ಎನ್ನುತ್ತಾರೆ. ಅದೇ ಎಂದರೆ ಯಾವುದು? ಗೊತ್ತಿಲ್ಲ. ಆ ಮಗುವಿನ ರಕ್ತ ಎಲ್ಲಾದರೂ ಇದೆಯೇ? ಇಲ್ಲ. ಫೈಲು? ಸೊಸೆಯ ಕಣ್ಣಿಗೆ ಬೀಳಬಾರದೆಂದು ಅತ್ತೆ ಒಲೆಗೆ ಹಾಕಿದರು. ಕರುಣೆಯಿಂದಲೇ ಸುಟ್ಟ ಆ ಹಿರಿಯರ ಮೇಲೆ ಸಿಟ್ಟಾಗುವುದು ಹೇಗೆ? ಮಗು ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಇದ್ದಾಗ ಎರಡು ಮಿಲಿಲೀಟರ್ ರಕ್ತ ತೆಗೆದಿಡಲು ಯಾರೂ ಹೇಳಲಿಲ್ಲವಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

‘ನಮ್ಮಿಬ್ಬರ ರಕ್ತ ತೆಗೆದುಕೊಳ್ಳಿ, ಸಾಲದೇ?’ ಎಂದು ಎಲ್ಲರೂ ಕೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಸಾಲದು. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ, ಪ್ರೋಟೀನ್ ತಯಾರಿಸುವ ಜೀನ್‌ಗಳೇ ಸುಮಾರು 20,000. ಯಾರದನ್ನು ಓದಿದರೂ ಲಕ್ಷಾಂತರ ವ್ಯತ್ಯಾಸಗಳು ಸಿಗುತ್ತವೆ. ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ, ಹೆಚ್ಚಿನವು ನಿರಪಾಯ. ಇವುಗಳಲ್ಲಿ ಯಾವುದು ಕಾಯಿಲೆ ತಂದಿತು ಎಂದು ತಿಳಿಯಬೇಕಾದರೆ ಕಾಯಿಲೆ ಬಂದ ಮಗುವನ್ನೇ ಪರೀಕ್ಷಿಸಬೇಕು. ಮಗುವಿನಲ್ಲಿ ದೋಷ ಯಾವ ಜೀನಿನ ಯಾವ ಜಾಗದಲ್ಲಿದೆ ಎಂದು ಸಿಕ್ಕಿದರೆ, ಮುಂದಿನ ಬಸಿರಿನ 11ರಿಂದ 13ನೇ ವಾರದೊಳಗೆ ಮಾಸಿನ ಒಂದು ಚೂರು ತೆಗೆದು ಅದೇ ಜಾಗವನ್ನು ನೋಡುತ್ತೇವೆ. ಜಾಗವೇ ಗೊತ್ತಿಲ್ಲದಿದ್ದರೆ ವರದಿಯಲ್ಲಿ ‘ಅರ್ಥ ಖಚಿತವಿಲ್ಲ’ ಎಂಬ ಸಾಲುಗಳು ತುಂಬುತ್ತವೆ. ಅಂಥ ವರದಿಯನ್ನು ನಂಬಿ ಬಸಿರನ್ನು ಉಳಿಸಿಕೊಳ್ಳುವ, ತೆಗೆಸುವ ತೀರ್ಮಾನ ಮಾಡಿ ಎಂದು ನಾನು ಯಾರಿಗೂ ಹೇಳಲಾರೆ.

ಇದಕ್ಕೆ ಅಪವಾದಗಳಿವೆ. ರಕ್ತದ ಕಾಯಿಲೆಯಾದ ಥಲಸ್ಸೀಮಿಯಾ ಇದ್ದರೆ ತಂದೆತಾಯಿಯ ರಕ್ತದಿಂದಲೇ ಸಾಮಾನ್ಯವಾಗಿ ಸುಳಿವು ಸಿಗುತ್ತದೆ. ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಬಂದ ಹೆಚ್ಚಿನ ಮಕ್ಕಳಲ್ಲಿ ಒಂದು ಜೀನಿನ ಅದೇ ತುಂಡು ಕಾಣೆಯಾಗಿರುತ್ತದೆ, ಅದನ್ನು ಹುಡುಕುವುದು ಸುಲಭ. ಆದರೆ ಅಲ್ಲೂ ಕಾಯಿಲೆಯ ಹೆಸರು ಗೊತ್ತಿರಬೇಕು.

ತುಮಕೂರಿನ ಕಡೆಯ ಒಂದು ಕುಟುಂಬದಲ್ಲಿ ಸೋದರಮಾವನನ್ನೇ ಮದುವೆಯಾದ ಹುಡುಗಿಯ ಗಂಡುಮಗು ಆರು ತಿಂಗಳಿಗೆ ಹೋಗಿತ್ತು. ರಕ್ತವಿರಲಿಲ್ಲ, ಕಾಗದವಿರಲಿಲ್ಲ. ನಾನು ಕೈಚೆಲ್ಲಿದ್ದೆ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ತಾಯತವೊಂದನ್ನು ಮೇಜಿನ ಮೇಲಿಟ್ಟು, ‘ಇದರಲ್ಲಿ ಅವನ ಹೊಕ್ಕುಳಬಳ್ಳಿ ಇದೆ ತಾಯಿ, ಆಗುತ್ತದೆಯೇ?’ ಎಂದರು. ಮೇಣ ಬಿಡಿಸಿದಾಗ ಒಳಗೆ ಒಣಮೆಣಸಿನ ತೊಟ್ಟಿನಷ್ಟು ಕಪ್ಪು ಚೂರು. ಅದರಲ್ಲಿ ಅರ್ಧವನ್ನು ಮಾತ್ರ ಕತ್ತರಿಸಿಕೊಂಡು ಉಳಿದದ್ದನ್ನು ತಾಯತದೊಳಗೇ ಇಟ್ಟುಕೊಟ್ಟೆವು. ಬಂದ ಡಿಎನ್‌ಎ ಸ್ವಲ್ಪ, ಅದೂ ತುಂಡುತುಂಡು. ತಾಯಿಯದು ಬೆರೆತಿಲ್ಲವೆಂದು ಖಚಿತಪಡಿಸಿಕೊಂಡು ಓದಿದೆವು, ದೋಷ ಸಿಕ್ಕಿತು. ಎಲ್ಲ ತಾಯತಗಳೂ ಹೀಗೆ ಕೈಹಿಡಿಯುತ್ತವೆ ಎಂಬ ಭರವಸೆ ಕೊಡಲಾರೆ.

ಆದ್ದರಿಂದ, ಕಾರಣ ತಿಳಿಯದೆ ಮಗು ನರಳುತ್ತಿದ್ದರೆ ವೈದ್ಯರನ್ನು ನೀವೇ ಕೇಳಿ. ಪರೀಕ್ಷೆಗೆ ಈಗ ದುಡ್ಡಿಲ್ಲದಿದ್ದರೂ ರಕ್ತ ತೆಗೆಸಿಡಿ. ಅದು ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕವಿರುವ ಕೊಳವೆಯಲ್ಲಿರಲಿ. ಹಸಿರು ಮುಚ್ಚಳದ್ದರಲ್ಲಿ ಅದೇ ಕೆಲಸಕ್ಕೆ ಹೆಪಾರಿನ್ ಎಂಬ ಬೇರೆ ವಸ್ತು ಇರುವುದರಿಂದ ನಮ್ಮ ಪರೀಕ್ಷೆಗೆ ಅಡ್ಡಿ. ರಕ್ತವನ್ನು ಫ್ರಿಜ್‌ನಲ್ಲಿಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಾಲಯಕ್ಕೆ ತಲುಪಿಸಿದರೆ ಸಾಕು. ಬೇರ್ಪಡಿಸಿದ ಡಿಎನ್‌ಎ ಮೈನಸ್ 20 ಡಿಗ್ರಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮಲ್ಲಿಗೇ ಬರಬೇಕೆಂದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲೂ ಸಲಹೆ ಸಿಗುತ್ತದೆ, ನರ ಮತ್ತು ಸ್ನಾಯುಗಳ ಕಾಯಿಲೆಯಾದರೆ ನಿಮ್ಹಾನ್ಸ್ ಇದೆ. ಎಲ್ಲಿಗೇ ಹೋದರೂ ಮುಂದಿನ ಬಸಿರಿಗೆ ಮೊದಲೇ ಹೋಗಿ. ಡಿಎನ್‌ಎ ಇಟ್ಟುಕೊಂಡವರಿಂದ ಮಾದರಿಯ ಸಂಖ್ಯೆ ಬರೆದ ಚೀಟಿ ಕೇಳಿ ಪಡೆದು, ಅದನ್ನು ತಾಯಿ ಕಾರ್ಡಿನ ಜೊತೆಗೇ ಇಡಿ.