ಅಜ್ಜಿಯ ಟ್ರಂಕಿನ ಬೆಳ್ಳಿ ರೂಪಾಯಿ: ಗ್ರೇಡಿಂಗ್ ಮಾಡಿಸಬೇಕಾ?

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಒಂದು ಗಂಟು ಬೆಳ್ಳಿ ರೂಪಾಯಿ ಸಿಕ್ಕಿದೆ. ವಿಕ್ಟೋರಿಯಾ ರಾಣಿಯದು, ಎಡ್ವರ್ಡ್‌ನದು, ಜಾರ್ಜ್‌ನದು ಎಲ್ಲ ಇವೆ. ಅಮೆರಿಕದ ಕಂಪನಿಗೆ ಕಳಿಸಿ ಗ್ರೇಡಿಂಗ್ (ಅಸಲಿಯೇ, ಎಷ್ಟು ಸವೆದಿದೆ ಅಂತ ನೋಡಿ ಅಂಕ ಕೊಡುವುದು) ಮಾಡಿಸಿದರೆ ಬೆಲೆ ಹತ್ತು ಪಟ್ಟು ಏರುತ್ತದೆ ಅಂತ ಸ್ನೇಹಿತರೊಬ್ಬರು ಹೇಳುತ್ತಾರೆ. ಕಳಿಸಬಹುದಾ?

ಉತ್ತರ: ಬೇಡ. ನಿಮ್ಮ ಗಂಟಿನಲ್ಲಿರುವ ಹೆಚ್ಚಿನ ನಾಣ್ಯಗಳನ್ನು ಕಳಿಸುವುದರಿಂದ ಲಾಭವಿಲ್ಲ. ಅಷ್ಟೇ ಅಲ್ಲ, ಕಾನೂನು ಪ್ರಕಾರ ಕಳಿಸುವ ಹಾಗೂ ಇಲ್ಲ. ಈ ಎರಡನೇ ಮಾತನ್ನು ಸ್ನೇಹಿತರು ಯಾಕೋ ಹೇಳುವುದೇ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಅಂತ ಒಂದಿದೆ. ನೂರು ವರ್ಷ ತುಂಬಿದ ನಾಣ್ಯ ಅದರ ಪ್ರಕಾರ ಪ್ರಾಚ್ಯವಸ್ತು. ಅದನ್ನು ದೇಶದ ಹೊರಗೆ ಕಳಿಸುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ ಅಥವಾ ಅದು ಒಪ್ಪಿಗೆ ಕೊಟ್ಟ ಸಂಸ್ಥೆಗೆ ಮಾತ್ರ. ನೀವಾಗಲಿ ನಾನಾಗಲಿ ಕಳಿಸಿದರೆ ತಪ್ಪು. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. "ಮಾರೋಕೆ ಅಲ್ಲ, ಗ್ರೇಡಿಂಗ್ ಮಾಡಿಸಿ ವಾಪಸ್ ತರ್ತೀನಿ" ಅಂದರೂ ಕಸ್ಟಮ್ಸ್‌ನವರ ಲೆಕ್ಕದಲ್ಲಿ ಅದು ರಫ್ತೇ.

ಈಗ ನಿಮ್ಮ ಗಂಟು ನೋಡಿ. ವಿಕ್ಟೋರಿಯಾ ಕಾಲ 1901ಕ್ಕೆ ಮುಗಿಯಿತು. ಎಡ್ವರ್ಡ್‌ನ ರೂಪಾಯಿಗಳು 1910ರವರೆಗಿನವು. ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿಗಳಲ್ಲಿ ಕೊನೆಯ ಇಸವಿ 1922. ಎಲ್ಲಕ್ಕೂ ನೂರು ದಾಟಿದೆ. ನೂರರೊಳಗೆ ಬರುವುದು ಆರನೇ ಜಾರ್ಜ್‌ನ ರೂಪಾಯಿಗಳು ಮಾತ್ರ, ಅಂದರೆ 1938ರಿಂದ ಈಚಿನವು. ಅವನ್ನು ಕಳಿಸುವಾಗಲೂ ಕಸ್ಟಮ್ಸ್‌ನಲ್ಲಿ ಪ್ರಶ್ನೆ ಏಳಬಹುದು. ಇದು ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೊಡುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳಲು, ದೇಶದೊಳಗೆ ಮಾರಲು ನಿಮಗೆ ಈ ಕಾಯ್ದೆ ಅಡ್ಡ ಬರುವುದಿಲ್ಲ. ಲೈಸೆನ್ಸ್ ಬೇಕಾಗುವುದು ಅದನ್ನೇ ವ್ಯಾಪಾರ ಮಾಡಿಕೊಂಡವರಿಗೆ. ಹಾಗಾದರೆ ಗ್ರೇಡ್ ಆಗಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತಿರುವ ವಿಕ್ಟೋರಿಯಾ ರೂಪಾಯಿಗಳು ಎಲ್ಲಿಂದ ಬರುತ್ತವೆ ಅಂತ ಕೇಳಬಹುದು. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ನಮ್ಮ ನಾಣ್ಯಗಳು ಹಿಂದಿನಿಂದಲೂ ಬೇಕಾದಷ್ಟಿವೆ. ಅಲ್ಲಿದ್ದವು ಅಲ್ಲೇ ಗ್ರೇಡ್ ಆಗುತ್ತವೆ. ಲಂಡನ್ನಿನ ಹರಾಜಿನಲ್ಲಿ ಮೈಸೂರಿನ ನಾಣ್ಯ ಕೊಂಡ ಡಲ್ಲಾಸ್‌ನ ಕನ್ನಡಿಗರಿಗೆ ಈ ತಲೆನೋವಿಲ್ಲ. ಊರಿಗೆ ಬಂದು ಅಜ್ಜಿಯ ರೂಪಾಯಿಯನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೋದರೆ ಮಾತ್ರ ಅವರಿಗೂ ಇದೇ ಕಾಯ್ದೆ. "ಕೊಡಿ, ನಾನು ಕಳಿಸಿಕೊಡ್ತೀನಿ" ಅನ್ನುವ ಮಧ್ಯವರ್ತಿ ಸಿಕ್ಕರೆ ಯಾವ ಕಾಗದದ ಮೇಲೆ ಕಳಿಸುತ್ತಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇಷ್ಟಕ್ಕೂ ಗ್ರೇಡಿಂಗ್ ಅಂದರೇನು? ಒಬ್ಬರು ಮಾರುತ್ತಾರೆ, ಒಬ್ಬರು ಕೊಳ್ಳುತ್ತಾರೆ. ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು ಎರಡು ಮಾತು ಹೇಳುತ್ತಾರೆ. ನಾಣ್ಯ ಅಸಲಿಯೇ, ಎಷ್ಟು ಸವೆದಿದೆ. ಸವೆತಕ್ಕೆ 1ರಿಂದ 70ರವರೆಗೆ ಅಂಕ. ಈ ಅಳತೆ ಮಾಡಿದವರು ಅಮೆರಿಕದ ವಿಲಿಯಂ ಶೆಲ್ಡನ್, 1949ರಲ್ಲಿ, ತಮ್ಮ ದೇಶದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ. 60ರಿಂದ ಮೇಲಿನವು ಚಲಾವಣೆಯಲ್ಲಿ ಸವೆಯದವು. ನಮ್ಮ ಡೀಲರ್‌ಗಳು ಬಾಯಲ್ಲಿ ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್) ಅನ್ನುವುದು ಇವನ್ನೇ. ಎಕ್ಸ್ಎಫ್ (ಎಕ್ಸ್‌ಟ್ರೀಮ್ಲಿ ಫೈನ್, ಸ್ವಲ್ಪವೇ ಸವೆದದ್ದು) ಅಂದರೆ 40–45, ವಿಎಫ್ (ವೆರಿ ಫೈನ್, ಇನ್ನಷ್ಟು ಸವೆದದ್ದು) ಅಂದರೆ 20–35. ಅಂಕ ಕೊಟ್ಟ ಮೇಲೆ ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಸಂಖ್ಯೆ ಹಾಕಿ ಕೊಡುತ್ತಾರೆ. ಅದೇ ಸ್ಲ್ಯಾಬ್. ಜಗತ್ತಿನ ಹರಾಜುಗಳಲ್ಲಿ ಹೆಚ್ಚು ನಡೆಯುವ ಗ್ರೇಡಿಂಗ್ ಕಂಪನಿಗಳ ಹೆಸರು ಎರಡು: 1986ರಲ್ಲಿ ಕೆಲಸ ಶುರು ಮಾಡಿದ ಪಿಸಿಜಿಎಸ್, ಅದರ ಮರುವರ್ಷ ಬಂದ ಎನ್‌ಜಿಸಿ.

ಇದರಲ್ಲಿ ನಾಣ್ಯಕ್ಕೆ ಬೆಲೆ ಕಟ್ಟುವುದು ಎಲ್ಲೂ ಇಲ್ಲ, ಗಮನಿಸಿ. ಬೆಲೆ ಕಟ್ಟುವವನು ಕೊಳ್ಳುವವನು. ಮಾಮೂಲಿ ನಾಣ್ಯವನ್ನು ಸ್ಲ್ಯಾಬಿಗೆ ಹಾಕಿದರೆ ಅದು ಪ್ಲಾಸ್ಟಿಕ್ಕಿನಲ್ಲಿರುವ ಮಾಮೂಲಿ ನಾಣ್ಯ, ಅಷ್ಟೇ.

ಮಾಮೂಲಿ ಯಾವುದು, ಅಪರೂಪದ್ದು ಯಾವುದು? ಇಲ್ಲೇ ಜನ ಜಾಸ್ತಿ ಎಡವುತ್ತಾರೆ. ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂದುಕೊಳ್ಳುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ 1840ರ ವಿಕ್ಟೋರಿಯಾ ರೂಪಾಯಿ ಧಾರಾಳವಾಗಿ ಸಿಗುತ್ತದೆ. ಮುಂದಿನ ಎರಡು ದಶಕ ಅದೇ ಇಸವಿ ಇಟ್ಟುಕೊಂಡು ಅಚ್ಚು ಹಾಕಿದ್ದೇ ಕಾರಣ. 1862ರದ್ದೂ ಹಾಗೇ, 1874ರವರೆಗೆ ಇಸವಿ ಬದಲಾಗಲಿಲ್ಲ. ನಡುವಿನ ವರ್ಷಗಳನ್ನು ಗುರುತಿಸಲು ಮುಂಬೈ ಟಂಕಸಾಲೆಯವರು ಚಿಕ್ಕ ಚುಕ್ಕೆಗಳನ್ನು ಇಟ್ಟರು. ಸಂಗ್ರಾಹಕರು ಭೂತಗನ್ನಡಿ ಹಿಡಿದು ಆ ಚುಕ್ಕೆ ಎಣಿಸುತ್ತಾ ಕೂರುತ್ತಾರೆ, ಅದೊಂದು ಬೇರೆಯೇ ಹುಚ್ಚು.

ಇನ್ನು 1916ರಿಂದ 1920ರ ಜಾರ್ಜ್ ರೂಪಾಯಿಗಳು ಕೋಟಿಗಟ್ಟಲೆ ಬಂದವು. ಮೊದಲ ಮಹಾಯುದ್ಧದ ಖರ್ಚಿಗೆ ಬೆಳ್ಳಿ ಸಾಲದೆ, ಅಮೆರಿಕ 1918ರ ಪಿಟ್ಮನ್ ಕಾಯ್ದೆಯಡಿ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಬಹುಪಾಲು ಬ್ರಿಟನ್ ಮೂಲಕ ಭಾರತಕ್ಕೆ ಬಂತು. ಅಜ್ಜಿಯ ಗಂಟಿನಲ್ಲಿ 1919ರ ರೂಪಾಯಿ ಇದ್ದರೆ ಅದು ಮೊದಲು ಅಮೆರಿಕದ ಡಾಲರ್ ಆಗಿದ್ದಿರಬಹುದು. ಕಥೆ ಚೆನ್ನಾಗಿದೆ, ಬೆಲೆ ಮಾತ್ರ ಬೆಳ್ಳಿಯ ಬೆಲೆಗಿಂತ ಬಹಳ ಮೇಲೇನೂ ಹೋಗುವುದಿಲ್ಲ.

ಅಪರೂಪದ್ದು ಬೇಕಾದರೆ 1911 ಅಂತ ಇರುವ ರೂಪಾಯಿ ಹುಡುಕಿ. ಜಾರ್ಜ್‌ನ ನಿಲುವಂಗಿಯ ಮೇಲಿನ ಪದಕದಲ್ಲಿ ಒಂದು ಆನೆ ಇದೆ. ಸೊಂಡಿಲು ಮೊಟಕಾಗಿ ಅದು ಹಂದಿಯ ಹಾಗೆ ಕಂಡಿತು. ಮುಸ್ಲಿಮರಿಂದ ವಿರೋಧ ಬಂತು. ಸರ್ಕಾರ ಬಹುಪಾಲು ನಾಣ್ಯಗಳನ್ನು ಕರಗಿಸಿ, 1912ಕ್ಕೆ ಆನೆಯನ್ನು ತಿದ್ದಿಸಿತು. ಸಂಗ್ರಾಹಕರು ಇದನ್ನು ಈಗಲೂ 'ಪಿಗ್ ರುಪೀ' ಅಂತಲೇ ಕರೆಯುತ್ತಾರೆ. ಸವೆಯದ 1911ಕ್ಕೂ ಸವೆದ 1911ಕ್ಕೂ ಬೆಲೆಯಲ್ಲಿ ಒಳ್ಳೆಯ ಅಂತರವಿದೆ, ಗ್ರೇಡಿಂಗ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥದ್ದಕ್ಕೇ. ಆದರೆ ಅದಕ್ಕೂ ನೂರು ದಾಟಿದೆ!

ಕಾನೂನಿನ ತೊಡಕಿಲ್ಲದೆ ಗ್ರೇಡಿಂಗ್‌ಗೆ ಕಳಿಸಲೇಬೇಕಾದ ರೂಪಾಯಿ ಯಾವುದು ಅಂತ ಕೇಳಿದರೆ ನಾನು ಹೇಳುವುದು 1939ರ ಆರನೇ ಜಾರ್ಜ್ ರೂಪಾಯಿ. ಬಹಳ ಅಪರೂಪ, ಬೆಲೆ ಲಕ್ಷಗಳಲ್ಲಿ. ಅಷ್ಟು ಬೆಲೆ ಇರುವ ಕಡೆ ನಕಲಿಯೂ ಇರುತ್ತದೆ. ಬೇರೆ ವರ್ಷದ ರೂಪಾಯಿಯ ಕೊನೆಯ ಅಂಕಿ ತಿದ್ದಿ 9 ಮಾಡಿ ಮಾರುತ್ತಾರೆ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಶೇ 50ಕ್ಕೆ ಇಳಿಯಿತು. ಹಾಗಾಗಿ ಆಮೇಲಿನ ನಾಣ್ಯ ತಿದ್ದಿದ್ದರೆ ಲೋಹದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. 1938ರದ್ದನ್ನು ತಿದ್ದಿದ್ದರೆ ಲೋಹವೂ ಅದೇ, ತೂಕವೂ ಅದೇ. ಅಲ್ಲಿ ಪಳಗಿದ ಕಣ್ಣೇ ಬೇಕು. ಇಂಥ ಕಡೆ ಅಂಕ 40 ಬಂತೋ 60 ಬಂತೋ ಎರಡನೇ ಮಾತು. "ಅಸಲಿ" ಅನ್ನುವ ಒಂದು ಪದಕ್ಕೇ ಕೊಟ್ಟ ದುಡ್ಡು ವಾಪಸ್ ಬಂದ ಹಾಗೆ.

ಉಳಿದ ನಾಣ್ಯಗಳಿಗೆ ಲೆಕ್ಕ ಹಾಕಿ ನೋಡಬೇಕು. ಕಂಪನಿಯ ಶುಲ್ಕ, ಹೋಗಿ ಬರುವ ಕೊರಿಯರ್, ವಿಮೆ, ಮಧ್ಯವರ್ತಿಯ ಕಮಿಷನ್ ಎಲ್ಲ ಸೇರಿ ನಾಣ್ಯಕ್ಕೆ 5,000 ರೂಪಾಯಿ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ನಿಮಗೆ ಸಿಗುವ ದರ ಬೇರೆ ಇರಬಹುದು. ಇವತ್ತು ನಾಣ್ಯ 2,000ಕ್ಕೆ ಹೋಗುತ್ತದೆ, ಸ್ಲ್ಯಾಬ್ ಆದ ಮೇಲೆ 4,000ಕ್ಕೆ ಹೋಗುತ್ತದೆ ಅಂದರೆ ಬೆಲೆ ದುಪ್ಪಟ್ಟಾಯಿತು ನಿಜ. ನಿಮಗೆ 3,000 ಕೈಬಿಟ್ಟಿತು, ಅದೂ ನಿಜ. ಅದಕ್ಕೇ ನಾನು ಮೊದಲು ಹಳೆಯ ಹರಾಜುಗಳ ಫಲಿತಾಂಶ ನೋಡಿ ಅನ್ನುವುದು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾದಂಥ ಹರಾಜು ಸಂಸ್ಥೆಗಳು ಕ್ಯಾಟಲಾಗ್ ಹಾಕುತ್ತವೆ. ಅದೇ ಇಸವಿ, ಅದೇ ಟಂಕಸಾಲೆಯ ನಾಣ್ಯ ಯಾವ ಸ್ಥಿತಿಯಲ್ಲಿ ಎಷ್ಟಕ್ಕೆ ಮಾರಿಹೋಯಿತು ನೋಡಿ. ಮಾರುವವನು ಬರೆದುಕೊಂಡ ಬೆಲೆ ಬೇಡ, ಕೊಂಡವನು ಕೊಟ್ಟ ಬೆಲೆ ಬೇಕು. ಎಕ್ಸ್ಎಫ್‌ಗೂ ಯುಎನ್‌ಸಿಗೂ ನಡುವಿನ ಅಂತರ ನಿಮ್ಮ ಖರ್ಚಿಗಿಂತ ಎರಡು ಮೂರು ಪಟ್ಟಾದರೂ ಇಲ್ಲದಿದ್ದರೆ ನಾನಂತೂ ಕಳಿಸುವುದಿಲ್ಲ. ನಾವು 62 ಅಂದುಕೊಂಡದ್ದಕ್ಕೆ ಅವರು 55 ಕೊಡುವುದು ಮಾಮೂಲು.

ಅಂಕ ಕಡಿಮೆ ಬಂದರೂ ಪರವಾಗಿಲ್ಲ. ಅಂಕವೇ ಬಾರದೆ ಹೋದರೆ? ನಮ್ಮ ಮನೆಗಳ ನಾಣ್ಯಕ್ಕೆ ಇದೇ ದೊಡ್ಡ ಭಯ. ತೊಳೆದದ್ದು, ಉಜ್ಜಿದ್ದು, ಕೊಂಡಿ ತೆಗೆದದ್ದು ಅಂತ ಗೊತ್ತಾದರೆ ಕಂಪನಿ ಅಂಕ ಕೊಡುವುದಿಲ್ಲ. 'ಎಕ್ಸ್ಎಫ್ ಡೀಟೇಲ್ಸ್, ಕ್ಲೀನ್ಡ್' (ಸವೆತದ ಮಟ್ಟ ಎಕ್ಸ್ಎಫ್, ಆದರೆ ತೊಳೆದದ್ದು) ಅಂತ ಬರೆದು ಕೊಡುತ್ತದೆ. ಶುಲ್ಕ ಮಾತ್ರ ಪೂರ್ತಿ. ವರ್ಷ ವರ್ಷ ವರಮಹಾಲಕ್ಷ್ಮಿ ಪೂಜೆಗೆ, ದೀಪಾವಳಿಗೆ ಇಟ್ಟ ರೂಪಾಯಿಯನ್ನು ಹುಣಸೆಹಣ್ಣಿನಲ್ಲೋ ವಿಭೂತಿಯಲ್ಲೋ ತಿಕ್ಕಿ ತೊಳೆಯದ ಮನೆ ಯಾವುದಿದೆ ಹೇಳಿ? ಅಜ್ಜಿಯ ಕಣ್ಣಿಗೆ ಅದು ಫಳಫಳ. ಗ್ರೇಡರ್ ಕಣ್ಣಿಗೆ ಒಂದೇ ದಿಕ್ಕಿಗೆ ಓಡುವ ಸಾವಿರ ಗೀರು. ಅಚ್ಚಿನಿಂದ ಬಂದ ಹೊಳಪು ಬೇರೆ. ಆ ಹೊಳಪು ಉಳಿದಿರುವ ನಾಣ್ಯವನ್ನು ಒಂದೇ ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಬೆಳಕಿನ ಪಟ್ಟಿ ಚಕ್ರದ ಕಡ್ಡಿಯಂತೆ ಸುತ್ತುತ್ತದೆ. ತಿಕ್ಕಿದ ನಾಣ್ಯದಲ್ಲಿ ಬೆಳಕು ಸುತ್ತುವುದಿಲ್ಲ, ಇಡೀ ಮುಖ ಒಂದೇ ಸಮ ಮಿನುಗುತ್ತದೆ.

ಕೊಂಡಿಯದು ಇನ್ನೊಂದು ಕಥೆ. ರೂಪಾಯಿಗೆ ಕೊಂಡಿ ಬೆಸೆದು ಸರ ಮಾಡಿಸಿಕೊಳ್ಳುವುದು ನಮ್ಮಲ್ಲಿ ಬಹಳ ಇತ್ತು. ಆಮೇಲೆ ಅಕ್ಕಸಾಲಿಗರು ಕೊಂಡಿ ತೆಗೆದು, ಅರ ಹಾಕಿ ಉಜ್ಜಿ ಕೊಡುತ್ತಿದ್ದರು. ರಾಜನ ತಲೆಯ ನೇರಕ್ಕೆ ಅಂಚನ್ನು ನೋಡಿ. ಅಂಚಿನ ಗೆರೆಗಳು ಅಲ್ಲಿ ಮಾಸಿದ್ದರೆ, ಲೋಹದ ಬಣ್ಣ ಬೇರೆಯಾಗಿದ್ದರೆ ಅಲ್ಲಿ ಬೆಸುಗೆ ಇತ್ತು. ಚಿನಿವಾರರು ಬೆಳ್ಳಿ ಪರೀಕ್ಷೆಗೆ ಹೊಡೆದ ಚಿಕ್ಕ ಗುರುತುಗಳೂ ಇರುತ್ತವೆ. ನನಗೆ ಅವು ಇಷ್ಟ, ನಾಣ್ಯ ಎಷ್ಟು ಕೈ ದಾಟಿತು ಅಂತ ಅವು ಹೇಳುತ್ತವೆ. ಗ್ರೇಡಿಂಗ್ ಕಂಪನಿಗೆ ಅದೂ ಗಾಯವೇ.

ಹಾಗಾಗಿ ಮನೆಯಲ್ಲೇ ಮಾಡುವ ಕೆಲಸ ಇಷ್ಟು. ಒಂದು ಹತ್ತು ಪಟ್ಟಿನ ಭೂತಗನ್ನಡಿ, ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ, ಒಂದು ಅಯಸ್ಕಾಂತ ಸಾಕು. ರೂಪಾಯಿಯ ಮೂಲ ತೂಕ 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ. ಬಹಳ ಕಡಿಮೆ ಇದ್ದರೆ ಅನುಮಾನ ಪಡಿ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. 1947ರ ರೂಪಾಯಿ ಅಂಟುತ್ತದೆ, ಅದು ನಿಕ್ಕಲ್‌ನದು, ಗಾಬರಿ ಬೇಡ. 1939ರವರೆಗಿನ ರೂಪಾಯಿಯಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. ಅವತ್ತಿನ ಬೆಳ್ಳಿ ದರದಿಂದ ಗುಣಿಸಿದರೆ ನಿಮ್ಮ ನಾಣ್ಯದ ತಳಬೆಲೆ ಗೊತ್ತಾಯಿತು. ಆಮೇಲೆ ಕೆನ್ನೆ, ಹುಬ್ಬು, ಕಿವಿಯ ಮೇಲಿನ ಕೂದಲು ನೋಡಿ. ಎತ್ತರದ ಭಾಗಗಳೇ ಮೊದಲು ಸವೆಯುವುದು. ಮತ್ತೆ, ಏನೇ ಆದರೂ ತೊಳೆಯಬೇಡಿ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಕೈಯಿಂದ ಅಚ್ಚು ಹೊಡೆದು ಮಾಡಿದ ಹಳೆಯ ನಾಣ್ಯಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ವಿಜಯನಗರದ ವರಹ, ಮೈಸೂರಿನ ಕಂಠೀರಾಯಿ ಹಣ, ಟಿಪ್ಪುವಿನ ಆನೆ ಕಾಸು, ಕನ್ನಡದಲ್ಲಿ 'ಮಯಿಲಿ ಕಾಸು' ಅಂತ ಬರೆದ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು. ಇವುಗಳ ಮುಂದೆ 70ರ ಅಳತೆ ನನಗೆ ಪೇಲವ ಅನ್ನಿಸುತ್ತದೆ. ಅಚ್ಚು ದೊಡ್ಡದು, ಲೋಹದ ಬಿಲ್ಲೆ ಚಿಕ್ಕದು. ಚಿತ್ರದ ಯಾವ ಭಾಗ ನಾಣ್ಯದ ಮೇಲೆ ಬಿತ್ತು ಅನ್ನುವುದೇ ಬೆಲೆ ತೀರ್ಮಾನಿಸುತ್ತದೆ. ಇಸವಿ ಪೂರ್ತಿ ಕಾಣುವ, ಸ್ವಲ್ಪ ಸವೆದ ಆನೆ ಕಾಸನ್ನು ನಾನು ಇಸವಿ ಕತ್ತರಿಸಿಹೋದ ಹೊಸದರಂಥ ಕಾಸಿಗಿಂತ ಮೇಲೆ ಇಡುತ್ತೇನೆ. ಅಂಕ ಇದನ್ನು ಹೇಳುವುದಿಲ್ಲ. ಅಂದಹಾಗೆ, ಇಂಥದ್ದು ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕರೆ ಮಾರಾಟದ ಮಾತೇ ಇಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ವಾಟ್ಸಾಪ್‌ನಲ್ಲಿ ಸುತ್ತುವ ವೈಷ್ಣೋದೇವಿ ಐದು ರೂಪಾಯಿ, ಇಂದಿರಾ ಗಾಂಧಿ ಐದು ರೂಪಾಯಿಗಳಿಗೆ ಲಕ್ಷಗಟ್ಟಲೆ ಬೆಲೆ ಅನ್ನುವುದು ಸುಳ್ಳು. ರಾಮ ದರ್ಬಾರ್ ಚಿತ್ರದ 1818ರ ಈಸ್ಟ್ ಇಂಡಿಯಾ ಕಂಪನಿಯ ಕಾಸು ಅನ್ನುವುದು ಕಂಪನಿ ಅಚ್ಚು ಹಾಕಿದ ನಾಣ್ಯವೇ ಅಲ್ಲ. ಹಳೆಯ ನಾಣ್ಯ ಕೊಳ್ಳಲು ಶುಲ್ಕ ಕಟ್ಟಿ ಅಂತ ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಫೋನ್ ಬಂದರೆ ಇಟ್ಟುಬಿಡಿ. ಬ್ಯಾಂಕು ಅಂಥ ವ್ಯವಹಾರ ಮಾಡುವುದಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ತಾನೇ ಪ್ರಕಟಣೆ ಕೊಟ್ಟಿದೆ.

ಸ್ಲ್ಯಾಬ್ ಆದ ನಾಣ್ಯವನ್ನು ನೀವೇ ಕೊಳ್ಳುವುದಾದರೆ ಅದರ ಮೇಲಿನ ಸಂಖ್ಯೆಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಫೋಟೊ ಇದ್ದರೆ ಗೀರು ಗೀರು ಹೋಲಿಸಿ. ನಾಣ್ಯದ ಹಾಗೆ ಸ್ಲ್ಯಾಬಿನದೂ ನಕಲಿ ಬರುತ್ತದೆ.

ನಿಮ್ಮ ಗಂಟಿಗೆ ಬರೋಣ. ಇಸವಿ ಪ್ರಕಾರ ಬೇರೆ ಮಾಡಿ. 1911 ಅಥವಾ 1939 ಇದ್ದರೆ ಎತ್ತಿಡಿ. ಎರಡೂ ಮುಖ ಮತ್ತು ಅಂಚಿನ ಫೋಟೊ ತೆಗೆದು ಎರಡು ಹರಾಜು ಸಂಸ್ಥೆಗಳಿಗೆ ಕಳಿಸಿ, ಅಂದಾಜು ಕೇಳಿ. ಉಳಿದವನ್ನು ಪಿವಿಸಿ ಇಲ್ಲದ ಕವರ್‌ನಲ್ಲಿ ಹಾಕಿ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಬೇಡ, ಕೆಲವು ವರ್ಷದಲ್ಲಿ ಬೆಳ್ಳಿಯ ಮೇಲೆ ಹಸಿರು ಜಿಗುಟು ಬಿಡುತ್ತದೆ. ಇಷ್ಟಕ್ಕೆ ಆಗುವ ಖರ್ಚು ಒಂದು ನಾಣ್ಯದ ಗ್ರೇಡಿಂಗ್ ಶುಲ್ಕಕ್ಕಿಂತ ಕಡಿಮೆ.