ಸರದಿ ಕಾಯಲಾಗದಿದ್ದರೆ ಬೇರೆ ದೇಶದ ಚಿಕಿತ್ಸೆಗೆ ಸರ್ಕಾರಿ ಹಣ ಸಿಗುತ್ತದೆಯೇ?

ಪ್ರಶ್ನೆ: ನಾನು ಐರೋಪ್ಯ ಒಕ್ಕೂಟದ ದೇಶವೊಂದರಲ್ಲಿ ನೆಲೆಸಿದ್ದೇನೆ. ಸೊಂಟದ ಕೀಲು ಬದಲಾಯಿಸಬೇಕು ಎಂದಿದ್ದಾರೆ, ಆದರೆ ಶಸ್ತ್ರಚಿಕಿತ್ಸೆಯ ಸರದಿ ಬಹಳ ದೂರವಿದೆ. ಪಕ್ಕದ ದೇಶದಲ್ಲಿ ಮಾಡಿಸಿಕೊಂಡರೆ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಖರ್ಚು ಭರಿಸುತ್ತದೆಯೇ?

ಉತ್ತರ: ಅನುಮತಿ ಸಿಕ್ಕರೆ ಭರಿಸುತ್ತದೆ. ಆದರೆ ಟಿಕೆಟ್ ಕೊಳ್ಳುವ ಮೊದಲು ಅರ್ಜಿ ಹಾಕಿ. ಮೊದಲೇ ಅನುಮತಿ ಬೇಕಿದ್ದ ಚಿಕಿತ್ಸೆಯನ್ನು ಮುಗಿಸಿ ಬಂದು ಹಣ ಕೇಳಿದರೆ ಬರಿಗೈಯಲ್ಲಿ ನಿಲ್ಲಬೇಕಾಗಬಹುದು.

ನಿಮ್ಮ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ನಿಮ್ಮ ದೇಶದ ಆರೋಗ್ಯ ಸಂಸ್ಥೆ ಕೊಡುವ ಎಸ್‌-2 ಎಂಬ ಅನುಮತಿ ಪತ್ರ. ಅದು ಕೈಯಲ್ಲಿದ್ದರೆ ಪಕ್ಕದ ದೇಶದ ಸರ್ಕಾರಿ ವಿಮೆ ಉಳ್ಳವರಂತೆಯೇ ನಿಮಗೂ ಚಿಕಿತ್ಸೆ ಸಿಗುತ್ತದೆ. ಲೆಕ್ಕವನ್ನು ಎರಡು ದೇಶಗಳ ಸಂಸ್ಥೆಗಳು ತಮ್ಮೊಳಗೆ ತೀರಿಸಿಕೊಳ್ಳುತ್ತವೆ. ಸ್ವಿಟ್ಜರ್ಲೆಂಡಿನಲ್ಲೂ ಇದು ನಡೆಯುತ್ತದೆ. ಎರಡನೆಯದು 2011ರ ಗಡಿಯಾಚೆಯ ಚಿಕಿತ್ಸೆಯ ನಿರ್ದೇಶನ, ಅಂದರೆ ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಒಕ್ಕೂಟದ ಕಾನೂನು. ಇದರಲ್ಲಿ ಖಾಸಗಿ ಆಸ್ಪತ್ರೆಗೂ ಹೋಗಬಹುದು, ಆದರೆ ಹಣವನ್ನು ಮೊದಲು ನೀವೇ ಕಟ್ಟಬೇಕು. ಮರಳಿ ಸಿಗುವುದು ಅದೇ ಚಿಕಿತ್ಸೆಗೆ ನಿಮ್ಮ ದೇಶ ಕೊಡುತ್ತಿದ್ದಷ್ಟು ಮಾತ್ರ. ರಾತ್ರಿ ಆಸ್ಪತ್ರೆಯಲ್ಲಿ ತಂಗಬೇಕಾದ ಚಿಕಿತ್ಸೆಗೆ ಈ ದಾರಿಯಲ್ಲೂ ಮುಂಗಡ ಅನುಮತಿಯನ್ನು ಕಡ್ಡಾಯ ಮಾಡುವ ಅಧಿಕಾರ ದೇಶಗಳಿಗಿದೆ. ನಿಮ್ಮದು ಅಂಥದ್ದೇ.

ಕೈಯಲ್ಲಿ ದುಡ್ಡಿಲ್ಲದವರಿಗೆ ಎರಡನೆಯ ದಾರಿ ಹೆಸರಿಗಷ್ಟೇ ಹಕ್ಕು. ಹಾಗಾಗಿ ಮೊದಲು ಎಸ್‌-2ಕ್ಕೇ ಪ್ರಯತ್ನಿಸಿ ಎನ್ನುತ್ತೇನೆ.

ಅನುಮತಿ ನಿರಾಕರಿಸುವಾಗ ಅಧಿಕಾರಿಗಳು ಸಾಮಾನ್ಯವಾಗಿ ಸರದಿಪಟ್ಟಿಯನ್ನೇ ಮುಂದೊಡ್ಡುತ್ತಾರೆ. ಈ ಬಗ್ಗೆ ನಿಮ್ಮಂಥದ್ದೇ ಪ್ರಕರಣದಲ್ಲಿ ತೀರ್ಪು ಬಂದಿದೆ. ಬ್ರಿಟನ್ ಇನ್ನೂ ಒಕ್ಕೂಟದಲ್ಲಿದ್ದಾಗ ಅಲ್ಲಿನ ಮಹಿಳೆಯೊಬ್ಬರು ಸರದಿ ಕಾಯಲಾರದೆ 2003ರಲ್ಲಿ ಫ್ರಾನ್ಸಿನ ಅಬ್ಬೆವಿಲ್‌ನಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡರು. ಅದಕ್ಕೂ ಮೊದಲೇ ಅನುಮತಿ ಕೇಳಿದ್ದರು, ಸಿಕ್ಕಿರಲಿಲ್ಲ. 3,900 ಪೌಂಡ್ ಖರ್ಚನ್ನು ಕೇಳಿ ಹೂಡಿದ ದಾವೆ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ಸರದಿಪಟ್ಟಿ ಇದೆ ಎಂಬುದಷ್ಟೇ ನಿರಾಕರಣೆಗೆ ಕಾರಣವಾಗದು. ರೋಗಿಯ ಈಗಿನ ಸ್ಥಿತಿ, ನೋವಿನ ತೀವ್ರತೆ, ಕಾಯಿಲೆಯ ಮುನ್ನಡೆ ಇವನ್ನೆಲ್ಲ ತೂಗಿ ನೋಡಲೇಬೇಕು ಎಂದು 2006ರಲ್ಲಿ ತೀರ್ಪು ಬಂತು. ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ನ್ಯಾಯಾಲಯವೇ ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ಬೇಸರ ತರಿಸುತ್ತದೆ.

ಆದ್ದರಿಂದ ನಿಮ್ಮ ಅರ್ಜಿಯ ಜೀವ ಇರುವುದು ತಜ್ಞ ವೈದ್ಯರ ಪತ್ರದಲ್ಲಿ. 'ಶಸ್ತ್ರಚಿಕಿತ್ಸೆ ಅಗತ್ಯ' ಎಂಬ ಒಂದು ಸಾಲು ಸಾಲದು. ಎಷ್ಟು ಕಾಲದೊಳಗೆ ಆಗಬೇಕು, ತಡವಾದರೆ ಏನು ಕೆಡುತ್ತದೆ, ಮೆಟ್ಟಿಲು ಹತ್ತಲು, ನಿದ್ದೆ ಮಾಡಲು ಆಗುತ್ತಿದೆಯೇ ಎಂಬುದನ್ನೆಲ್ಲ ಬರೆಸಿಕೊಳ್ಳಿ. ಪತ್ರ ಬರೆಸಿದ ಮೇಲೆ ನೋವು ಹೆಚ್ಚಾದರೆ ಮತ್ತೆ ಪರೀಕ್ಷೆ ಮಾಡಿಸಿ ಹೊಸ ಪತ್ರ ಸೇರಿಸಿ.



ಪ್ರತಿ ಸದಸ್ಯ ದೇಶದಲ್ಲೂ ಗಡಿಯಾಚೆಯ ಚಿಕಿತ್ಸೆಗೆಂದೇ ರಾಷ್ಟ್ರೀಯ ಸಂಪರ್ಕ ಕೇಂದ್ರವಿದೆ. ನಮೂನೆ, ದರ, ಗಡುವುಗಳ ವಿವರ ಅಲ್ಲಿ ಸಿಗುತ್ತದೆ. ಅರ್ಜಿ ತಿರಸ್ಕೃತವಾದರೆ ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದೇ ಆಧಾರ.